ರಾಸ್ ಸಮುದ್ರದ ಖಾಲಿ ಮೂಲೆ

ಕ್ರೈಸ್ಟ್‌ಚರ್ಚಿನ ಹಾರ್ನ್‌ಬಿಯಲ್ಲಿ, ಒಂದೇ ರಸ್ತೆಯ ಎರಡು ತುದಿಗಳಲ್ಲಿ ನಾನು ಎರಡು ಕೆಲಸ ಮಾಡಿದ್ದೇನೆ. ಮೊದಲನೆಯದು ಗೋದಾಮಿನಲ್ಲಿ ಶಾಂಪೂ ಬಾಟಲಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುವುದು. ಎರಡನೆಯದು ದಕ್ಷಿಣ ಧ್ರುವದ ಕಡೆಯಿಂದ ಬಂದ ಮೀನಿನ ಹೊಟ್ಟೆಗಳನ್ನು ಸೀಳಿ ಒಳಗೆ ಏನಿದೆ ಎಂದು ನೋಡುವುದು. ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮಾಡಿ, ಕಡಲಾಚೆ ಬಂದು ಶಾಂಪೂ ತುಂಬುತ್ತಿದ್ದವಳಿಗೆ ಈ ಎರಡನೇ ಕೆಲಸ ಸಿಕ್ಕ ದಿನ ಹಬ್ಬವೇ ಆಗಿತ್ತು.

ಗಂಡ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತವರು. ಅವರ ಆಸ್ಪತ್ರೆ ಕೆಲಸದ ಬೆನ್ನು ಹಿಡಿದು ನಾವು ನ್ಯೂಜಿಲೆಂಡಿಗೆ ಬಂದದ್ದು ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ. ಗದಗಿನಲ್ಲಿ ನಮ್ಮ ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಇಲ್ಲಿ ಹೊಸ್ತಿಲ ಹೊರಗೆ ಇಂಗ್ಲಿಷ್ ಬಂದು ಕೂತಿದ್ದರಿಂದ ಕನ್ನಡ ತಾನಾಗಿಯೇ ಮನೆಯೊಳಗೆ ಬಂದುಬಿಟ್ಟಿತು. ಗಂಡನೂ ನಾನೂ ಜಗಳ, ಲೆಕ್ಕಾಚಾರ, ಮುದ್ದು ಎಲ್ಲವನ್ನೂ ಅದರಲ್ಲೇ ಮಾಡತೊಡಗಿದೆವು.

ನನ್ನ ಲ್ಯಾಬ್ ಎಂದರೆ ಒಂದು ತಗಡಿನ ಶೆಡ್. ಕೆಳಗೆ ಸ್ಟೀಲಿನ ಮೇಜುಗಳು, ಪಕ್ಕದಲ್ಲಿ ಫ್ರೀಜರ್ ಕೋಣೆ, ಕಬ್ಬಿಣದ ಮೆಟ್ಟಿಲು ಹತ್ತಿದರೆ ಕಂಪ್ಯೂಟರ್ ಇರುವ ಸಣ್ಣ ಆಫೀಸು. ಅದನ್ನು ನಡೆಸುತ್ತಿದ್ದವರು ಐವತ್ತು ದಾಟಿದ ಒಬ್ಬ ವಿಜ್ಞಾನಿ. ತೆಳ್ಳಗಿನ ಹೆಂಗಸು, ಗಂಡಸರಂತೆ ಕತ್ತರಿಸಿದ ಬೆಳ್ಳಿ ಕೂದಲು, ಮೊಣಕೈಯಲ್ಲಿ ತೂತು ಬಿದ್ದ ಉಣ್ಣೆಯ ಸ್ವೆಟರ್. ಹೆಸರು ಹಿಡಿದು ಕರಿ ಎಂದು ಎಷ್ಟು ಸಲ ಹೇಳಿದರೂ ನನ್ನ ನಾಲಗೆ ಹೊರಳಲಿಲ್ಲ. ಡಾಕ್ಟರ್ ಎಂದೇ ಕರೆಯುತ್ತಿದ್ದೆ. ಅವರ ಇಂಗ್ಲಿಷ್ ಮಾತುಗಳು ನನಗೀಗ ನೆನಪಾಗುವುದು ಕನ್ನಡದಲ್ಲೇ, ಹಾಗೇ ಬರೆಯುತ್ತೇನೆ.

ಮೊದಲ ದಿನ ಅವರು ಫ್ರೀಜರ್ ಬಾಗಿಲು ತೆರೆದು ನೆಲದ ಮೇಲೆ ಮಲಗಿಸಿದ್ದ ಒಂದು ಮೀನು ತೋರಿಸಿದರು. ನನ್ನಷ್ಟೇ ಉದ್ದ. ಬೂದು ಮೈ, ಅಗಲ ಬಾಯಿ, ಹೊರಚಾಚಿದ ಕೆಳದವಡೆ.

"ಇದು ಟೂತ್‌ಫಿಶ್. ಅಲ್ಲಿನ ನೀರು ಎಷ್ಟು ತಣ್ಣಗೆ ಅಂದ್ರೆ ಬೇರೆ ಮೀನಾಗಿದ್ರೆ ರಕ್ತ ಹೆಪ್ಪುಗಟ್ಟಿ ಸಾಯ್ತಿತ್ತು. ಇದರ ರಕ್ತದಲ್ಲಿ ಮಂಜು ಕಟ್ಟದಂತೆ ತಡೆಯೋ ಒಂದು ವಸ್ತು ಇದೆ. ಬಹುಶಃ ನಿನಗಿಂತ ವಯಸ್ಸಲ್ಲಿ ದೊಡ್ಡದು. ಮರ್ಯಾದೆಯಿಂದ ಮುಟ್ಟು," ಎಂದರು.

ನಾನು ಮುಟ್ಟಿದೆ. ಗ್ಲೌಸಿನೊಳಗೂ ಬೆರಳು ಮರಗಟ್ಟಿತು.

ಅವರ ಕೆಲಸ ಒಂದು ನಕ್ಷೆ. ರಾಸ್ ಸಮುದ್ರ ಎಂದರೆ ನ್ಯೂಜಿಲೆಂಡಿನಿಂದ ನೇರ ದಕ್ಷಿಣಕ್ಕೆ ಹಡಗಿನಲ್ಲಿ ಹೋದರೆ ಸಿಗುವ, ವರ್ಷದ ಬಹುಪಾಲು ಮಂಜುಗಡ್ಡೆ ಮುಚ್ಚಿರುವ ನೀರು. ಅಲ್ಲಿ ಈ ಬೇಟೆಗಾರ ಮೀನು ಯಾವ ಆಳದಲ್ಲಿ, ಯಾವ ವಯಸ್ಸಿನಲ್ಲಿ, ಎಲ್ಲಿ ವಾಸಿಸುತ್ತದೆ, ಅದು ತಿನ್ನುವ ಮೀನುಗಳು ಎಲ್ಲಿ ವಾಸಿಸುತ್ತವೆ, ಇದನ್ನು ಒಂದರ ಮೇಲೊಂದಿಟ್ಟು ತೋರಿಸಬೇಕು. ಮರಿಗಳು ಬೆಳೆಯುವ ಜಾಗ, ಅವಕ್ಕೆ ಊಟ ಸಿಗುವ ಜಾಗ ಗೊತ್ತಾದರೆ ಅಲ್ಲಿ ಗಾಳ ಹಾಕಬೇಡಿ ಎಂದು ಕೇಳುವುದಕ್ಕೆ ಕೈಯಲ್ಲಿ ಏನಾದರೂ ಇರುತ್ತದೆ. ಬರಿಗೈಯಲ್ಲಿ ಕೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ ಎನ್ನುತ್ತಿದ್ದರು ಡಾಕ್ಟರ್. ಆಗ ಆ ನೀರಿಗೆ ಹಡಗುಗಳು ಬೇಸಿಗೆಯಲ್ಲಿ ಹೋಗಿ, ಉದ್ದುದ್ದ ಹಗ್ಗಕ್ಕೆ ಸಾವಿರಾರು ಗಾಳ ಕಟ್ಟಿ ಇಳಿಸಿ, ಈ ಮೀನನ್ನು ಹಿಡಿದು ತರುತ್ತಿದ್ದವು.

ನನ್ನ ಪಾಲಿಗೆ ಬಂದದ್ದು ಹೊಟ್ಟೆ. ಒಂದೊಂದು ಚೀಲದಲ್ಲಿ ಒಂದೊಂದು ಜಠರ, ಜೊತೆಗೆ ಮೀನು ಸಿಕ್ಕ ಜಾಗ ಮತ್ತು ಆಳ ಬರೆದ ಚೀಟಿ. ಕರಗಿಸಿ, ಸೀಳಿ, ಜರಡಿಯಲ್ಲಿ ತೊಳೆದರೆ ಒಳಗಿನ ಸಂಸಾರ ಕಾಣುತ್ತಿತ್ತು. ಇಲಿಯ ಬಾಲದಂತೆ ಸಪೂರವಾಗಿ ಮುಗಿಯುವ ರ‍್ಯಾಟ್‌ಟೇಲ್ ಮೀನು, ಸ್ಕ್ವಿಡ್‌ನ ಗಿಣಿಕೊಕ್ಕಿನಂಥ ಬಾಯಿ, ಕೆಲವು ಸಲ ಸುಮ್ಮನೆ ಕಲ್ಲು. ಒಮ್ಮೆ ಇಡಿಯಾಗಿ ಒಂದು ಐಸ್‌ಫಿಶ್ ಸಿಕ್ಕಿತು. ಅದರ ಕಿವಿರು ಹಾಲಿನಷ್ಟು ಬಿಳಿ. ರಕ್ತದಲ್ಲಿ ಕೆಂಪೇ ಇಲ್ಲದ ಮೀನು. ನಾನು ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಓಡಿದೆ. ಡಾಕ್ಟರ್ ಕುರ್ಚಿಯಿಂದ ಎದ್ದು ನಿಂತು ಅದನ್ನು ನೋಡಿದರು. ಎಷ್ಟೋ ನೋಡಿದ್ದವರು, ಆದರೂ ಎದ್ದು ನಿಂತರು.

ಮನೆಗೆ ಬಂದರೆ ಗಂಡ ಬಾಗಿಲಲ್ಲೇ ಮೂಗು ಮುಚ್ಚಿಕೊಳ್ಳುತ್ತಿದ್ದರು.

"ಇವತ್ತ ಯಾರ ಹೊಟ್ಯಾಗ ಕೈ ಹಾಕಿ ಬಂದೀ? ನಮ್ಮ ಡಾಕ್ಟರು ಬದುಕಿದ್ದವರನ್ನ ನೋಡ್ತಾರ, ನಿಮ್ಮ ಡಾಕ್ಟರು ಬರೇ ಸತ್ತವರನ್ನ ನೋಡ್ತಾರ."

"ಸತ್ತವರು ಬೇಷ್, ಬಾಯಿ ಮಾಡಂಗಿಲ್ಲ," ಎನ್ನುತ್ತಿದ್ದೆ.

ರಂಜಾನಿನಲ್ಲಿ ಹೊಟ್ಟೆ ಖಾಲಿಯಿದ್ದಾಗ ಆ ವಾಸನೆ ತಡೆಯುವುದು ಕಷ್ಟ. ನಾನು ಕೇಳದೆಯೇ ಡಾಕ್ಟರ್ ನನ್ನನ್ನು ಆ ತಿಂಗಳು ಮೇಲಿನ ಕಂಪ್ಯೂಟರಿಗೆ ಹಾಕುತ್ತಿದ್ದರು. ಹೀಗಾಗಿ ನಕ್ಷೆಯ ಕೆಲಸ ಕಲಿತದ್ದು ನಾನು ಉಪವಾಸದಲ್ಲಿ. ಆಳದ ಗೆರೆಗಳು, ಅವುಗಳ ಮೇಲೆ ಮೀನಿನ ಚುಕ್ಕೆಗಳು, ಬೇಟೆಗೆ ಒಂದು ಬಣ್ಣ, ಬೇಟೆಗಾರನಿಗೆ ಒಂದು. ಮರಿಗಳು ದಡದ ಕಡೆಯ ಕಡಿಮೆ ಆಳದಲ್ಲಿ, ಬೆಳೆದವು ಇಳಿಜಾರಿನಲ್ಲಿ, ಮುದಿಯವು ಉತ್ತರಕ್ಕೆ ಕಡಲೊಳಗಿನ ಬೆಟ್ಟಗಳ ಕಡೆಗೆ. ವರ್ಷಗಟ್ಟಲೆ ಚುಕ್ಕೆ ಇಟ್ಟ ಮೇಲೆ ಇದು ಒಂದು ಊರಿನಂತೆ ಕಾಣತೊಡಗಿತು. ಮೊದಲ ಸಲ ಬಣ್ಣದಲ್ಲಿ ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಚ್ಚಿದ ದಿನ ಡಾಕ್ಟರ್ ಹತ್ತಿರದ ಅಂಗಡಿಗೆ ಹೋಗಿ ಐಸ್‌ಕ್ರೀಂ ತಂದರು. ನಾವು ತಿನ್ನುತ್ತಾ ನಿಂತಿದ್ದಾಗ ಅವರ ಮುಖ ಇದ್ದಕ್ಕಿದ್ದಂತೆ ಸಪ್ಪಗಾಯಿತು.

"ಇದು ಮೀನಿನ ನಕ್ಷೆ ಅಲ್ಲ," ಎಂದರು. "ಹಡಗಿನ ನಕ್ಷೆ. ಹಡಗು ಎಲ್ಲೆಲ್ಲಿ ಹೋಯ್ತೋ ಅಲ್ಲಷ್ಟೇ ನಮ್ಮ ಚುಕ್ಕೆ ಇದೆ."

ನಿಜ. ಚುಕ್ಕೆಗಳೆಲ್ಲ ಹಡಗಿನ ದಾರಿಯ ಮೇಲೆ ಗುಂಪುಗುಂಪಾಗಿದ್ದವು. ಪೂರ್ವದ ಕಡೆ, ಮಂಜು ಬೇಗ ಬಿಡದ ಒಂದು ದೊಡ್ಡ ಮೂಲೆ ಪೂರ್ತಿ ಬಿಳಿ. ಆಳದ ಗೆರೆಗಳನ್ನು ನೋಡಿದರೆ ಅಲ್ಲೂ ಮರಿಗಳಿಗೆ ಹೇಳಿ ಮಾಡಿಸಿದಂಥ ಇಳಿಜಾರು ಇತ್ತು. ಡಾಕ್ಟರಿಗೆ ಅಲ್ಲಿ ಮರಿಗಳು ಇವೆ ಎಂಬ ನಂಬಿಕೆ. ನಂಬಿಕೆಗೆ ಚುಕ್ಕೆ ಇಡಲು ಬರುವುದಿಲ್ಲ.

ನಮಗೆ ಹೊಟ್ಟೆಗಳನ್ನು ತಂದುಕೊಡುತ್ತಿದ್ದವನು ಒಬ್ಬ ಅಬ್ಸರ್ವರ್. ಮೀನು ಹಿಡಿಯುವ ಹಡಗಿನಲ್ಲೇ ಇದ್ದು, ಹಿಡಿದದ್ದನ್ನು ಅಳೆದು, ತೂಗಿ, ಮಾದರಿ ತೆಗೆಯುವ ಕೆಲಸ. ನಲವತ್ತರ ಆಸುಪಾಸಿನ, ದೊಡ್ಡ ಮೈಯ, ಇಲ್ಲೇ ಹುಟ್ಟಿ ಬೆಳೆದ ನ್ಯೂಜಿಲೆಂಡಿನವನು. ಮೊದಲು ಕುರಿಯ ಉಣ್ಣೆ ಕತ್ತರಿಸುತ್ತಿದ್ದನಂತೆ, ಬೆನ್ನು ಹೋದ ಮೇಲೆ ಇದಕ್ಕೆ ಬಂದ. ಕೆಸರು ಮೆತ್ತಿದ ಅವನ ಯೂಟ್, ಹಿಂಬದಿ ತೆರೆದ ಸಣ್ಣ ಸರಕಿನ ಗಾಡಿ, ಶೆಡ್ಡಿನ ಮುಂದೆ ನಿಂತರೆ ನಮಗೆ ಹಡಗು ಬಂತೆಂದು ಗೊತ್ತಾಗುತ್ತಿತ್ತು. ನಾನು ಮಾಡಿದ ಕೀಮಾ ಸಮೋಸ ಎಂದರೆ ಅವನಿಗೆ ಜೀವ.

ಒಂದು ಚಳಿಗಾಲ ಡಾಕ್ಟರ್ ಓಡಾಡಿ, ಬೇಡಿ, ಒಂದು ಒಪ್ಪಿಗೆ ತಂದರು. ಬರುವ ಬೇಸಿಗೆಯಲ್ಲಿ ಒಂದು ಹಡಗು ತನ್ನ ಮಾಮೂಲಿ ಕೆಲಸ ಮುಗಿಸಿದ ಮೇಲೆ ಆ ಖಾಲಿ ಮೂಲೆಗೆ ಹೋಗಿ, ಕೆಲವು ಕಡೆ ಗಾಳ ಇಳಿಸಿ, ಮಾದರಿ ತೆಗೆದುಕೊಂಡು ಬರುವುದು. ಒಂದೇ ಸಲ. ಮಂಜು ಬಿಟ್ಟರೆ ಮಾತ್ರ. ಅಬ್ಸರ್ವರ್ ಯಾರು ಎಂಬ ಪ್ರಶ್ನೆಯೇ ಇರಲಿಲ್ಲ.

"ಅಲ್ಲಿ ತಂಪು ಜಾಸ್ತಿ ಅಂತಾರೆ," ಎಂದು ಅವನು ನಕ್ಕ. "ಹೋಗಿ ನೋಡ್ಕೊಂಡು ಬರ್ತೀನಿ."

ಅದೇ ಹೊತ್ತಿಗೆ ಗಂಡನಿಗೆ ಟೌರಂಗಾದ ಒಂದು ಆಸ್ಪತ್ರೆಯಲ್ಲಿ ಖಾಯಂ ಕೆಲಸ ಸಿಕ್ಕಿತ್ತು. ಅದು ಉತ್ತರದ್ವೀಪ, ವಿಮಾನದಲ್ಲಿ ಹೋಗಬೇಕಾದ ದೂರ.

"ಅಲ್ಲಿ ಬಿಸಲರೆ ಐತಿ," ಎಂದರು. "ಇಲ್ಲೆ ಈ ಥಂಡ್ಯಾಗ ಎಷ್ಟ ದಿನ ಇರೂದು? ನಿಂದ ಆ ನಕಾಶಿ ಮುಗಿಯೂದ ಯಾವಾಗ?"

"ಇದೊಂದ ಮೂಲಿ ಉಳದೈತ್ರಿ. ಹಡಗ ಬಂದ ಕೂಡಲೆ ಮುಗೀತೈತಿ."

"ಹಂಗಾದ್ರ ನೀ ಮುಗಿಸ್ಕೊಂಡ ಬಾ. ನಾ ಮದ್ಲ ಹೋಗಿ ಮನಿ ಹುಡುಕ್ತೀನಿ," ಎಂದರು. ಹೀಗೆ ಅವರು ಹೋದರು, ನಾನು ಉಳಿದೆ. ಮನೆ ಬಿಟ್ಟು ಇಬ್ಬರು ಫ್ಲ್ಯಾಟ್‌ಮೇಟ್‌ಗಳ ಜೊತೆ ಒಂದು ಕೋಣೆ ಹಿಡಿದೆ. ಫೋನಿನಲ್ಲಿ ಕನ್ನಡ ಆಡುವಾಗ ದನಿ ತಗ್ಗಿಸುವ ಅಭ್ಯಾಸ ಶುರುವಾದದ್ದು ಆಗ.

ಆ ಬೇಸಿಗೆ ನಾವು ದಿನಾ ಮಂಜಿನ ಚಿತ್ರ ನೋಡುತ್ತಿದ್ದೆವು. ಉಪಗ್ರಹದಿಂದ ಬರುವ ಬೂದು ಬಿಳಿ ಚಿತ್ರ. ಮೂಲೆ ತೆರೆಯುವ ಹಾಗೆ ಕಾಣುವುದು, ಮತ್ತೆ ಮುಚ್ಚುವುದು. ಕೊನೆಗೆ ಹಡಗಿನಿಂದ ಒಂದು ಸಾಲಿನ ಸುದ್ದಿ ಬಂತು: ಒಳಗೆ ಹೋಗಿದ್ದೇವೆ. ಡಾಕ್ಟರ್ ಅದನ್ನು ಓದಿ ಕನ್ನಡಕ ತೆಗೆದು ಸ್ವೆಟರಿನ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡು ಮತ್ತೆ ಓದಿದರು.

ಹಡಗು ಈಸ್ಟರ್ ರಜೆಗೆ ಸ್ವಲ್ಪ ಮುಂಚೆ ಬಂದರಿಗೆ ಬಂತು. ಅಬ್ಸರ್ವರ್ ಮೊದಲು ಶೆಡ್ಡಿಗೇ ಬಂದ. ಮೈ ಇಳಿದು ಹೋಗಿತ್ತು. ಎಡಗೈಯ ಎರಡು ಬೆರಳ ತುದಿ ಚಳಿಗೆ ಸತ್ತು ಕಪ್ಪಾಗಿದ್ದವು.

"ಗ್ಲೌಸ್ ಹಾಕ್ಕೊಂಡು ಜಠರ ಕಟ್ಟೋಕೆ ಆಗಲ್ಲ," ಎಂದ, ಹವಾಮಾನ ಹೇಳುವವನಂತೆ. ಆಮೇಲೆ ಡಾಕ್ಟರ ಕಡೆ ತಿರುಗಿ, "ನೀವು ಹೇಳಿದ್ದು ಸರಿ. ಮರಿಗಳು. ಎಲ್ಲಾ ಗಾಳದಲ್ಲೂ ಅಲ್ಲ, ಆದರೆ ಕೆಲವು ಕಡೆ ಬರೀ ಮರಿಗಳು. ಹೊಟ್ಟೆ ತುಂಬಿ ಗಟ್ಟಿಯಾಗಿತ್ತು. ಎಲ್ಲಾ ಕಟ್ಟಿ ಇಟ್ಟಿದ್ದೀನಿ," ಎಂದ.

ಡಾಕ್ಟರ್ ಅವನ ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ನಾನು ಹೋಗಿ ಚಹಾ ಇಟ್ಟೆ.

ಮಾದರಿಗಳನ್ನು ಹಡಗಿನಿಂದ ಫ್ರೀಜರ್ ಕಂಟೇನರಿಗೆ ಹಾಕಿ ನಮ್ಮ ಶೆಡ್ಡಿಗೆ ತರಬೇಕಿತ್ತು. ಸಾಗಿಸುವವರು ಸಂಜೆಯಾಯಿತೆಂದು ಅದನ್ನು ತಮ್ಮ ಅಂಗಳದಲ್ಲಿ ನಿಲ್ಲಿಸಿಕೊಂಡರು. ಮರುದಿನ ಗುಡ್ ಫ್ರೈಡೇ. ರಜೆ ಮುಗಿದ ಮೇಲೆ ತರುತ್ತೇವೆ, ಪ್ಲಗ್ ಹಾಕಿದ್ದೇವೆ ಎಂದು ಫೋನಿನಲ್ಲಿ ಹೇಳಿದರು. ಪ್ಲಗ್ ಹಾಕಿದ್ದೂ ನಿಜವಂತೆ. ಆ ಸಾಕೆಟ್ಟಿಗೆ ಕರೆಂಟು ಇರಲಿಲ್ಲ. ಯಾರೂ ಕೆಟ್ಟವರಲ್ಲ, ಯಾರೂ ನೋಡಲಿಲ್ಲ, ಅಷ್ಟೇ. ಆ ವಾರಾಂತ್ಯ ವಾಯುವ್ಯದ ಗಾಳಿ ಬೀಸಿ ಊರೆಲ್ಲ ಒಲೆಯಂತಾಗಿತ್ತು. ಜನ ಬಟ್ಟೆ ಬದಲಿಸಿ ಬೀಚಿಗೆ ಹೋದರು. ನಾನು ಕಿಟಕಿ ತೆರೆದು ಮಲಗಿದ್ದೆ, ಒಳ್ಳೆಯ ನಿದ್ದೆ ಬಂತು.

ರಜೆ ಕಳೆದು ಲಾರಿ ಬಂದಾಗ ಬಾಗಿಲಿನ ಅಡಿಯಿಂದ ಕಂದು ನೀರು ಸೋರುತ್ತಿತ್ತು. ಡ್ರೈವರ್ ಇಳಿದವನೇ ದೂರ ಹೋಗಿ ನಿಂತ. ಬಾಗಿಲು ತೆರೆದದ್ದು ಡಾಕ್ಟರ್. ಆ ವಾಸನೆಯನ್ನು ಬರೆಯುವುದಿಲ್ಲ. ಚೀಲಗಳೆಲ್ಲ ಒಳಗಿನ ಕೊಳೆತಕ್ಕೆ ಉಬ್ಬಿ, ಒಡೆದು, ಒಂದರೊಳಗೊಂದು ಸುರಿದು ಕಂಟೇನರಿನ ತಳದಲ್ಲಿ ಮೊಣಕಾಲುದ್ದದ ರಾಡಿಯಾಗಿತ್ತು. ಚೀಟಿಗಳು ಅದರ ಮೇಲೆ ತೇಲುತ್ತಿದ್ದವು. ಬರಹ ಸ್ವಲ್ಪವೂ ಅಳಿಸಿರಲಿಲ್ಲ. ಜಾಗ, ಆಳ ಎಲ್ಲವೂ ಚಂದವಾಗಿ ಓದಲು ಬರುತ್ತಿತ್ತು. ಯಾವ ಚೀಟಿ ಯಾವ ಹೊಟ್ಟೆಯದು ಎಂಬುದೊಂದೇ ಹೋಗಿತ್ತು.

ಅಬ್ಸರ್ವರಿಗೆ ಫೋನ್ ಮಾಡಿದವಳು ನಾನು. ಅವನು ಬಂದು ಬಾಗಿಲಲ್ಲಿ ನಿಂತು ಬಹಳ ಹೊತ್ತು ಒಳಗೆ ನೋಡಿದ.

"ಏನೂ ಉಳಿಯಲ್ವಾ?" ಎಂದು ಕೇಳಿದ.

"ಗಟ್ಟಿ ಇರೋದು ಉಳಿಯುತ್ತೆ," ಎಂದರು ಡಾಕ್ಟರ್. "ಕಿವಿಯೊಳಗಿನ ಕಲ್ಲು, ಸ್ಕ್ವಿಡ್ ಕೊಕ್ಕು. ಬನ್ನಿ, ತೊಳೆಯೋಣ."

ಅದನ್ನು ಯಾಕೆ ಮಾಡಿದೆವೋ. ಮೂವರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಬಕೆಟ್ಟಿನಲ್ಲಿ ಮೊಗೆದು ಮೊಗೆದು ಜರಡಿ ಹಿಡಿದೆವು. ಮೀನಿನ ಕಿವಿಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಕಲ್ಲು ಇರುತ್ತದೆ, ಜಾತಿಗೊಂದು ಆಕಾರ. ನುಂಗಿದ ಮೀನು ಕರಗಿ ಹೋದರೂ ಅದರ ಕಲ್ಲು ಉಳಿಯುತ್ತದೆ. ದಿನಗಟ್ಟಲೆ ತೊಳೆದು, ಬಿಳಿ ತಟ್ಟೆಯಲ್ಲಿ ಆ ಕಲ್ಲುಗಳನ್ನು ಹರಡಿದಾಗ ಡಾಕ್ಟರ್ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿದರು: ಒಂದು ಪುಟ್ಟ ಬೆಳ್ಳಿ ಮೀನು, ರಾಶಿ ರಾಶಿ. ಮರಿಗಳು ಅದನ್ನೇ ತಿಂದು ಬೆಳೆಯುತ್ತಿದ್ದವು. ಏನು ತಿನ್ನುತ್ತಿದ್ದವು ಎಂಬುದು ಗೊತ್ತಾಯಿತು. ಆ ಮೂಲೆಯಲ್ಲಿ ಎಲ್ಲಿ, ಎಷ್ಟು ಆಳದಲ್ಲಿ, ಅದು ಎಂದಿಗೂ ಗೊತ್ತಾಗಲಿಲ್ಲ. ನಕ್ಷೆಗೆ ಬೇಕಾದದ್ದು ಅದೊಂದೇ.

ಹಡಗಿನ ಪುಸ್ತಕದಲ್ಲಿ ಎಷ್ಟು ಮೀನು, ಎಲ್ಲಿ ಸಿಕ್ಕಿತು ಎಂಬುದಷ್ಟು ಇತ್ತು. ಯಾವುದು ಮರಿ ಯಾವುದು ದೊಡ್ಡದು ಎಂಬ ಅಳತೆ ಬರೆದಿದ್ದ ಅಬ್ಸರ್ವರ್‌ನ ಪುಸ್ತಕ ಚೀಲಗಳ ಜೊತೆಗೇ ಇದ್ದು, ರಾಡಿಯಲ್ಲಿ ಮುದ್ದೆಯಾಗಿತ್ತು. ಡಾಕ್ಟರ್ ಆ ಕೆಲವೇ ಚುಕ್ಕೆಗಳನ್ನು ಇಟ್ಟರು. ಅಷ್ಟು ದೊಡ್ಡ ಬಿಳಿಯಲ್ಲಿ ಅವು ಧೂಳು ಬಿದ್ದ ಹಾಗೆ ಕಂಡವು. ಉಳಿದ ಮೂಲೆಗೆ ಅಡ್ಡಗೆರೆ ಎಳೆದು, ಕೆಳಗೆ "ಮಾಹಿತಿ ಸಾಲದು" ಎಂದು ಬರೆದರು. ಇನ್ನೊಂದು ಸಲ ಹಡಗು ಕಳಿಸಿ ಎಂದು ಒಪ್ಪಿಗೆ ಕೊಟ್ಟವರಿಗೆ ಪತ್ರ ಬರೆದರು. ಇಲ್ಲ ಎಂಬ ಉತ್ತರ ಬರಲು ತಿಂಗಳುಗಳೇ ಹಿಡಿದವು. ಅಬ್ಸರ್ವರ್‌ನ ಬೆರಳ ತುದಿಗಳನ್ನು ಆಸ್ಪತ್ರೆಯಲ್ಲಿ ಕತ್ತರಿಸಿದರು. ಅವನು ಮತ್ತೆ ಸಮುದ್ರಕ್ಕೆ ಹೋಗಲಿಲ್ಲ. ಒಂದು ದಿನ ಯೂಟ್ ಮಾರಿ ಆಸ್ಟ್ರೇಲಿಯಾದ ಗಣಿ ಕೆಲಸಕ್ಕೆ ಹೊರಟೆ ಎಂದು ಹೇಳಲು ಬಂದ. ನಾನು ಆ ದಿನ ಸಮೋಸ ಮಾಡಿರಲಿಲ್ಲ. ಬಿಸ್ಕತ್ತು ಕೊಟ್ಟೆ, ತಿಂದ.

ಆ ವರ್ಷದ ಕೊನೆಗೆ, ಹಡಗು ಎಲ್ಲಿ ಹೋಗಬಹುದು ಎಲ್ಲಿ ಹೋಗಬಾರದು ಎಂದು ಗೆರೆ ಎಳೆಯುವವರ ಸಭೆ ಇತ್ತು. ಡಾಕ್ಟರ್ ನಕ್ಷೆಯನ್ನು ಸುರುಳಿ ಸುತ್ತಿ ತೆಗೆದುಕೊಂಡು ಹೋದರು. ನಾನು ಅವರ ಸ್ವೆಟರಿನ ಮೊಣಕೈ ಹೊಲಿದುಕೊಟ್ಟಿದ್ದೆ. ಹಿಂದಿರುಗಿ ಬಂದವರು ಮೇಲೆ ಹೋಗದೆ ನನ್ನ ಮೇಜಿನ ಎದುರಿನ ಸ್ಟೂಲಿನ ಮೇಲೆ ಕೂತರು.

"ಎಲ್ಲರೂ ಹೊಗಳಿದರು," ಎಂದರು.

"ಹಾಗಾದ್ರೆ?"

"ಚುಕ್ಕೆ ಹೆಚ್ಚಿರೋ ಜಾಗ ಹಡಗಿನವರಿಗೆ ಬೇಕೇ ಬೇಕಂತೆ. ಅಲ್ಲೇ ಮೀನಿದೆ ಅಂತ ನಮ್ಮ ನಕ್ಷೆಯೇ ಹೇಳುತ್ತಲ್ಲ. ಖಾಲಿ ಮೂಲೆಯಲ್ಲಿ ಕಾಪಾಡುವಂಥದ್ದು ಇದೆ ಅಂತ ತೋರಿಸೋಕೆ ಏನೂ ಇಲ್ಲ, ಅದಕ್ಕೆ ಅದನ್ನೂ ತೆರೆದಿಡಬಹುದಂತೆ."

"ಮರಿಗಳು ಸಿಕ್ಕಿದ್ದು? ಕಲ್ಲುಗಳು?"

"ಎಲ್ಲಿ ಸಿಕ್ಕಿದ್ದು ಅಂತ ಕೇಳಿದರು."

ನಾನು ಕೈಯಲ್ಲಿದ್ದ ಜರಡಿಯನ್ನು ಕೆಳಗಿಟ್ಟೆ. ಡಾಕ್ಟರ್ ಅಳಲಿಲ್ಲ. ಅಳುವವರಲ್ಲ ಅವರು. ಮೇಜಿನ ಮೇಲಿದ್ದ ಒಂದು ಸ್ಕ್ವಿಡ್ ಕೊಕ್ಕನ್ನು ಬೆರಳಲ್ಲಿ ಆ ಕಡೆ ಈ ಕಡೆ ತಿರುಗಿಸುತ್ತಾ, "ನಾನು ಈ ನಕ್ಷೆ ಮಾಡದೇ ಇದ್ದಿದ್ದರೆ ಅವರು ಇನ್ನೂ ಕೆಲವು ವರ್ಷ ಹುಡುಕಬೇಕಿತ್ತು," ಎಂದರು.

ನಾನು ಜರಡಿ ಎತ್ತಿಕೊಂಡು ಮತ್ತೆ ತೊಳೆಯತೊಡಗಿದೆ.

ಮುಂದಿನ ಬೇಸಿಗೆಯ ಹೊತ್ತಿಗೆ ನಮ್ಮ ಕಾಂಟ್ರ್ಯಾಕ್ಟ್ ಮುಗಿದಿತ್ತು. ಶೆಡ್ಡನ್ನು ಟೈಲ್ಸ್ ವ್ಯಾಪಾರದವರು ಬಾಡಿಗೆಗೆ ಹಿಡಿದರು. ಫ್ರೀಜರ್ ಖಾಲಿ ಮಾಡುವ ದಿನ ಮೊದಲ ದಿನ ನೋಡಿದಂಥದೇ ಒಂದು ದೊಡ್ಡ ಮೀನು ಇನ್ನೂ ಒಳಗಿತ್ತು. ಯಾರಿಗೂ ಬೇಡವಾಗಿ, ಇಬ್ಬರು ಕೂಲಿಯವರು ಅದನ್ನು ಎಳೆದುಕೊಂಡು ಹೋಗಿ ಕಸದ ತೊಟ್ಟಿಗೆ ಹಾಕಿದರು. ಆ ಬೇಸಿಗೆಯಲ್ಲೇ ಹಡಗುಗಳು ಆ ಮೂಲೆಗೂ ಹೋದವು ಎಂದು ಆಮೇಲೆ ಕೇಳಿದೆ. ಈಗ ಅಲ್ಲಿಂದ ಎಷ್ಟು ಬೇಕಾದರೂ ಹೊಟ್ಟೆಗಳು ಬರಬಹುದಿತ್ತು. ಸೀಳಿ ನೋಡುವವರು ಇರಲಿಲ್ಲ.

ನಾನು ಟೌರಂಗಾಕ್ಕೆ ಬಂದೆ. ಗಂಡ ಏರ್‌ಪೋರ್ಟಿಗೆ ಬಂದಿದ್ದರು. ಕಾರಿನಲ್ಲಿ ಸ್ವಲ್ಪ ದೂರ ಬಂದ ಮೇಲೆ, "ಮುಗೀತ ನಿನ್ನ ನಕಾಶಿ?" ಎಂದು ಕೇಳಿದರು.

"ಮುಗೀತ್ರಿ," ಎಂದೆ.

"ಚೊಲೊ ಆತು," ಎಂದರು. ಅವರಿಗೆ ನಿಜವಾಗಿ ಖುಷಿಯಾಗಿತ್ತು. ನಾನು ಕೆಡಿಸಲಿಲ್ಲ. ಒಂದೇ ಮನೆಯಲ್ಲಿ ಮತ್ತೆ ಇರಲು ಕಲಿಯುವುದಕ್ಕೆ ನಾವಿಬ್ಬರೂ ಎಣಿಸಿದ್ದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಅವರಿಗೆ ಅಲ್ಲಿ ಬೇರೆ ಗೆಳೆಯರು, ಬೇರೆ ಊಟದ ಹೊತ್ತು ಆಗಿಹೋಗಿತ್ತು. ನನಗೆ ಮೀನಿಗೆ ಸಂಬಂಧಿಸಿದ ಕೆಲಸ ಸಿಗಲಿಲ್ಲ. ಕೀವಿ ಹಣ್ಣಿನ ಪ್ಯಾಕ್‌ಹೌಸಿನಲ್ಲಿ ಸೇರಿಕೊಂಡೆ. ಬೆಲ್ಟಿನ ಮೇಲೆ ಬರುವ ಹಣ್ಣಿನಲ್ಲಿ ಸೊಟ್ಟಗಿರುವುದನ್ನು ತೆಗೆದು ಪಕ್ಕಕ್ಕೆ ಹಾಕುವುದು.

ಡಾಕ್ಟರ್ ಪಶ್ಚಿಮ ಕರಾವಳಿಯಲ್ಲಿ ತಮ್ಮ ಅಕ್ಕನ ಹಳೆಯ ಬ್ಯಾಚಿಗೆ ಹೋಗಿ ಸೇರಿಕೊಂಡಿದ್ದರು. ಬ್ಯಾಚ್ ಎಂದರೆ ಇಲ್ಲಿಯವರ ರಜೆಯ ಮನೆ; ಇದು ಕಡಲ ಪಕ್ಕದ ಎರಡು ಕೋಣೆಯ ಮರದ ಮನೆ. ಒಂದು ಈದ್‌ನ ದಿನ ನೆನಪಾಗಿ ಫೋನ್ ಮಾಡಿದೆ. ತರಕಾರಿ ಬೆಳೆಯುತ್ತಿದ್ದೇನೆ, ಬಸವನ ಹುಳು ಬಿಡುವುದಿಲ್ಲ ಎಂದರು. ನಾನು ಧೈರ್ಯ ಮಾಡಿ, ಇದ್ದಷ್ಟನ್ನಾದರೂ ಸೇರಿಸಿ ಮತ್ತೆ ಬರೆಯೋಣವೇ, ಬಿಡುವಿನಲ್ಲಿ ನಾನು ಕೂತು ಮಾಡುತ್ತೇನೆ ಎಂದೆ.

"ಬೇಡಮ್ಮಾ," ಎಂದರು. ಅಮ್ಮಾ ಎನ್ನುವುದು ನನ್ನಿಂದ ಕಲಿತ ಒಂದೇ ಕನ್ನಡ ಪದ. "ಈಗ ಅಲ್ಲಿ ಹೇಗಿದೆಯೋ ನನಗೆ ಗೊತ್ತಿಲ್ಲ. ಗೊತ್ತಾಗೋದೂ ಬೇಡ."

ಆಚೆ ಬದಿಯಲ್ಲಿ ಅಲೆಯ ಸದ್ದೋ ಗಾಳಿಯ ಸದ್ದೋ ಕೇಳುತ್ತಿತ್ತು. ಆಮೇಲೆ ಅವರು ಬಸವನ ಹುಳುವಿಗೆ ಏನು ಹಾಕಬೇಕೆಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಶಿಫ್ಟಿಗೆ ಹೊತ್ತಾಗಿತ್ತು, ಫೋನ್ ಇಟ್ಟೆ.